ಹಿಟ್ಟಿನ ಕೋಣೆಯಲ್ಲಿ ಸುತ್ತಿದ ರೋಲು

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಶ್ರೀನಿಧಿ ಹೋಟೆಲಿನ ಕೇಶವ ರಾಯರು ಗೊಂದಲಕ್ಕೆ ಬೀಳಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಸಾಂಬಾರಿಗೆ ಬೆಲ್ಲ ಹಾಕಿದ್ದೀರಾ ಎಂದು ಗಿರಾಕಿ ಕೇಳಿದರೆ ಸಾಕು. ಆತನಿಗೆ ಬೆಲ್ಲ ಬೇಕೋ ಬೇಡವೋ ತಿಳಿಯದೆ, ಸ್ವಲ್ಪ ಹಾಕಿದ ಹಾಗೆ, ಸ್ವಲ್ಪ ಹಾಕದ ಹಾಗೆ ಎಂದು ತಲೆಯಾಡಿಸುತ್ತಿದ್ದರು.

ಅವರನ್ನು ದೂರಿ ಫಲವಿಲ್ಲ. ಉಡುಪಿಯ ಕಡೆಯಿಂದ ಅಹಮದಾಬಾದಿಗೆ ಬಾ ಎಂದವರು ಅಣ್ಣ ಜನಾರ್ದನ ರಾಯರು. ಹೋಟೆಲು ಇಲ್ಲೇ ಆಗಲಿ ಎಂದವರೂ ಅವರೇ. ಊರಂಚಿನ ಬೋಪಾಲಿನಲ್ಲಿ ಮನುಷ್ಯರಿಗಿಂತ ನಾಯಿಗಳೇ ಹೆಚ್ಚಿದ್ದ ಕಾಲದಲ್ಲಿ, “ಫ್ಲಾಟ್ ತಗೋ, ಡೆವಲಪ್ ಆಗ್ತದೆ” ಎಂದವರೂ ಅವರೇ. ಬೋಪಾಲ್ ಡೆವಲಪ್ ಆಯಿತು, ಅಣ್ಣ ತೀರಿಕೊಂಡರು. ಡೆವಲಪ್ ಆಗದೆ ಉಳಿದದ್ದು ಅಣ್ಣನ ಕ್ಯಾಮೆರಾದೊಳಗಿನ ಒಂದು ಕಲರ್ ರೋಲು ಮಾತ್ರ. ರೋಲು ಮುಗಿಯುವ ಮೊದಲೇ ತೊಳೆಸುವುದೆಂದರೆ ಆಗಿನ ಕಾಲದಲ್ಲಿ ಊಟದ ಮಧ್ಯೆ ಎಲೆ ಎತ್ತಿದ ಹಾಗೆ. ಹಾಗಾಗಿ ಕ್ಯಾಮೆರಾ ಹೋಟೆಲಿನ ಕಪಾಟಿನಲ್ಲೇ ಕುಳಿತಿತ್ತು.

ಜನಾರ್ದನ ರಾಯರು ಮನೆಯ ಫೋಟೋಗ್ರಾಫರ್. ಮುಂಜಿ, ಗೃಹಪ್ರವೇಶ, ಉತ್ತರಾಯಣದ ಗಾಳಿಪಟ, ಎಲ್ಲ ಫೋಟೋಗಳಲ್ಲೂ ಎಲ್ಲರೂ ಇದ್ದಾರೆ, ತೆಗೆದವರೊಬ್ಬರನ್ನು ಬಿಟ್ಟು. ವರ್ಷಾಂತಿಕ ಹತ್ತಿರ ಬಂದಾಗ ಅತ್ತಿಗೆ ಗಿರಿಜಾ ಗೋಡೆಗೆ ಹಾಕಲು ಗಂಡನ ಒಂದು ಮುಖ ಹುಡುಕಿದರು. ಸಿಕ್ಕಿದ್ದು ಮತದಾರರ ಗುರುತಿನ ಚೀಟಿಯದು. ಅದನ್ನೇ ದೊಡ್ಡದು ಮಾಡಿಸಿ ತಂದ ಕೇಶವ ರಾಯರಿಗೆ ಅವರು ಹಿಂದಕ್ಕೆ ಕೊಟ್ಟರು.

“ಇದು ಅವರಲ್ಲ ಕೇಶವ. ಇದು ಯಾರೋ ಪೊಲೀಸರು ಹುಡುಕ್ತಾ ಇರುವ ಜನ.”

“ಬೇರೆ ಇಲ್ಲವಲ್ಲ ಅತ್ತಿಗೆ.”

“ಇಲ್ಲದೆ ಎಂತ? ಕಡೇ ಉತ್ತರಾಯಣಕ್ಕೆ ಟೆರೇಸಿನ ಮೇಲೆ ನೀನೇ ಕ್ಯಾಮೆರಾ ಕಸ್ಕೊಂಡು ಒಂದು ತೆಗೆದಿದ್ದಿ.”

“ನಾನಾ? ತೆಗೆದ ಹಾಗೆ ನೆನಪು. ಬಟನ್ ಒತ್ತಿದೆನೋ ಇಲ್ಲವೋ…”

“ಒತ್ತಿದ್ದಿ ಮಾರಾಯ. ಟಕ್ ಅಂತ ನನಗೆ ಕೇಳಿದೆ.”

ರೋಲನ್ನು ಸುತ್ತಿ ತೆಗೆದು ಸ್ಟುಡಿಯೋಕ್ಕೆ ಒಯ್ದರು. ಮಳೆಗಾಲವಿಡೀ ಇಡ್ಲಿಯ ಹಬೆ ಕುಡಿದ ಫಿಲ್ಮು ಒಳಗೆ ಅಂಟಿಕೊಂಡಿತ್ತು. ಮಷೀನಿನಲ್ಲಿ ಸಿಕ್ಕಿಕೊಂಡರೆ ಹರಿದೇ ಹೋಗುತ್ತದೆ, ಕೈಯಲ್ಲೇ ನಿಧಾನವಾಗಿ ತೊಳೆಯಬೇಕು ಎಂದ ಸ್ಟುಡಿಯೋದವನು. ಕೈಯಲ್ಲಿ ತೊಳೆಯುವವರು ಈಗ ಯಾರೂ ಇಲ್ಲ ಎಂದವನೂ ಅವನೇ.

ಕಪ್ಪು-ಬಿಳುಪಿನ ಕಾಲದಲ್ಲಿ ಅಣ್ಣ ಮನೆಯಲ್ಲೇ ಫಿಲ್ಮು ತೊಳೆಯುವಾಗ ಕೇಶವ ರಾಯರು ಪಕ್ಕದಲ್ಲಿ ನೀರು ಹಿಡಿದು ನಿಂತವರು. ಬೆಳಕು ಹೋಗದ ಆ ಕಪ್ಪು ಡಬ್ಬಿ, ಫಿಲ್ಮು ಸುತ್ತುವ ಪ್ಲಾಸ್ಟಿಕ್ ಚಕ್ರ ಇನ್ನೂ ಅಟ್ಟದ ಮೇಲಿದ್ದವು. ಕಲರಿನ ಕೆಮಿಕಲ್ಲು ರಿಲೀಫ್ ರೋಡಿನ ಅಂಗಡಿಯಲ್ಲಿ ಸಿಕ್ಕಿತು.

“ಬ್ಲ್ಯಾಕ್ ಅಂಡ್ ವೈಟ್ ತೋ ಬಚ್ಚೋಂ ಕಾ ಖೇಲ್ ಹೈ, ಕೇಶವಭಾಯ್,” ಎಂದ ಅಂಗಡಿಯವನು. “ಕಲರ್ ಮೇ ಗರಮ್-ಠಂಡಾ ಸಂಭಾಲ್ನಾ ಪಡೇಗಾ.”

ಮಕ್ಕಳಾಟವಲ್ಲದಿದ್ದರೇನು, ಬಿಸಿ-ತಣ್ಣಗೆ ಸಂಭಾಳಿಸುವುದೇ ತನ್ನ ಕಸುಬಲ್ಲವೇ ಎಂದು ಕೇಶವ ರಾಯರಿಗೆ ಧೈರ್ಯ ಬಂತು. ಪೊಟ್ಟಣದೊಳಗಿನ ಕಾಗದ ಬಿಡಿಸಿದ ಕೂಡಲೇ ಧೈರ್ಯ ಮಡಚಿಕೊಂಡಿತು. ಮೊದಲ ದ್ರಾವಣ ಚಿತ್ರವನ್ನು ಎಬ್ಬಿಸುತ್ತದೆ, ಅದು ಮೈ ಕಾವಿನಷ್ಟು ಬಿಸಿ ಇರಬೇಕು. ಎರಡನೆಯದು ಬೆಳ್ಳಿಯನ್ನು ತೆಗೆದು ಬಣ್ಣವನ್ನು ನಿಲ್ಲಿಸುತ್ತದೆ. ಅದರ ಒಂದು ತೊಟ್ಟು ಮೊದಲನೆಯದಕ್ಕೆ ಬಿದ್ದರೂ ಕೆಟ್ಟಿತು. ಮೂರನೆಯದು ಬಣ್ಣ ಮಾಸದಂತೆ ಕಾಯುತ್ತದೆ. ಒಂದೊಂದಕ್ಕೂ ಎ, ಬಿ, ಸಿ ಎಂದು ಪುಡಿಗಳು, ಶೀಷೆಗಳು. ಯಾವ ‘ಎ’ ಯಾವ ‘ಬಿ’ಗೆ ಎಂಬುದನ್ನು ಓದಿದಷ್ಟೂ ಮರೆತುಹೋಗುತ್ತಿತ್ತು. ಕೊನೆಗೆ ಎಷ್ಟೇ ಗೊಂದಲದಲ್ಲೂ ತಪ್ಪದ ಒಂದೇ ಕ್ರಮವನ್ನು ಹಿಡಿದರು. ಬಾಟಲಿಗಳ ಮೇಲೆ ದಪ್ಪ ಅಕ್ಷರದಲ್ಲಿ ಸಾರು, ಹುಳಿ, ಮಜ್ಜಿಗೆ ಎಂದು ಬರೆದರು.

“ಯಾರಾದ್ರೂ ಬಡಿಸಿಬಿಟ್ರ ಏನ್ ಗತಿ ರಾಯರ?” ಎಂದ ಹಾವೇರಿ ಕಡೆಯ ಅಡುಗೆಯವ ಲಿಂಗರಾಜ.

“ಅದಕ್ಕೇ ಹಿಂದಿನ ತೊಟ್ಟಿಯ ಹತ್ತಿರ ಇಟ್ಟದ್ದು. ನೀನು ಮುಟ್ಟಬೇಡ. ನಾನು ಹಿಟ್ಟಿನ ಕೋಣೆಗೆ ಹೋದ ಮೇಲೆ ಯಾರೂ ಬಾಗಿಲು ತೆಗೀಬಾರದು. ಬೆಳಕು ತಾಗಿದ್ರೆ ಫಿಲ್ಮು ಹೋಯ್ತು.”

ಕಿಟಕಿಯಿಲ್ಲದ್ದು ಅದೊಂದೇ ಕೋಣೆ. ಮಧ್ಯಾಹ್ನದ ಊಟ ಮುಗಿದು ಹೋಟೆಲು ಮುಚ್ಚಿದ ಹೊತ್ತಿನಲ್ಲಿ ಕೇಶವ ರಾಯರು ಬಾಗಿಲ ಸಂದಿಗೆ ಗೋಣಿ ತುರುಕಿ, ದೋಸೆ ಹಿಟ್ಟಿನ ಕೊಪ್ಪರಿಗೆಗಳ ನಡುವೆ ಕುಳಿತರು. ಸೋಡಾ ಓಪನರಿನಿಂದ ರೋಲಿನ ಮುಚ್ಚಳ ಎಬ್ಬಿಸಿ, ಕತ್ತಲೆಯಲ್ಲಿ ಫಿಲ್ಮಿನ ತುದಿ ತಡಕಿ ಚಕ್ರಕ್ಕೆ ಸಿಕ್ಕಿಸಿದರು. ಸ್ವಲ್ಪ ಹೋಯಿತು, ಅಂಟಿತು. ಬಿಡಿಸಿದರು, ಮತ್ತೆ ಹೋಯಿತು. ಸುಮಾರು ಅರ್ಧ ಸುತ್ತಿರಬೇಕು, ತಲೆಯ ಮೇಲೆ ಬಲ್ಬು ಹತ್ತಿಕೊಂಡಿತು.

ಅಹಮದಾಬಾದಿನ ಜನವರಿ ಚಳಿಗೆ ಹಿಟ್ಟು ಉಬ್ಬುವುದಿಲ್ಲ. ಅದಕ್ಕೆಂದೇ ಆ ಕೋಣೆಯಲ್ಲಿ ದೊಡ್ಡ ಬಲ್ಬು, ಹೊರಗೆ ಸ್ವಿಚ್ಚು. ಚಳಿಗಾಲದಲ್ಲಿ ಮಧ್ಯಾಹ್ನವೇ ಅದನ್ನು ಹಾಕುವುದು ಗಿರಿಜಾ ಅವರ ಅಭ್ಯಾಸ.

“ಹಿಟ್ಟು ಹುಳಿ ಬರುವುದು ಬೇಡವಾ ಲಿಂಗರಾಜ? ದೀಪ ಹಾಕದೆ ಕೂತಿದ್ದೀಯಲ್ಲ!”

“ಬಾಗಲಾ ತಗೀಬ್ಯಾಡ್ರಿ ಅಂದಾರ ಅಮ್ಮಾರ.”

“ಬಾಗಿಲು ತೆಗೆದದ್ದು ಯಾರು ಈಗ?”

ಒಳಗೆ ಕೇಶವ ರಾಯರು ಕೋಳಿ ಮೊಟ್ಟೆಯ ಮೇಲೆ ಕೂತಂತೆ ಫಿಲ್ಮಿನ ಮೇಲೆ ಬಗ್ಗಿದ್ದರು. ಕೂಗಬೇಕೆನಿಸಿತು. ಕೂಗಿದರೆ ಹೊರಗಿರುವುದು ಅತ್ತಿಗೆ.

“ಅತ್ತಿಗೆ, ಅದನ್ನೊಮ್ಮೆ ಆರಿಸಿ,” ಎಂದರು ಮೆಲ್ಲಗೆ.

ಬಲ್ಬು ಆರಿತು. ಬಾಗಿಲಿನ ಆಚೆಯಿಂದ ಸಣ್ಣ ದನಿ ಬಂತು.

“ಹಾಳು ಮಾಡಿದೆನಾ ಕೇಶವ?”

“ಗೊತ್ತಿಲ್ಲ ಅತ್ತಿಗೆ.”

ಅದು ನಿಜವೇ. ಆ ಫೋಟೋ ಚಕ್ರದ ಒಳಸುತ್ತಿಗೆ ಸೇರಿತ್ತೋ, ಬೆಳಕಿಗೆ ಬಿದ್ದ ತುಂಡಿನಲ್ಲಿತ್ತೋ ಯಾರು ಬಲ್ಲರು? ಎಸೆಯಲೇ, ಮುಂದುವರಿಯಲೇ ಎಂದು ಕೇಳೋಣವೆಂದರೆ ಹೇಳಬೇಕಾದವರೇ ಫಿಲ್ಮಿನೊಳಗಿದ್ದರು. ಕೇಶವ ರಾಯರು ಉಳಿದದ್ದನ್ನೂ ಸುತ್ತಿ ಡಬ್ಬಿ ಮುಚ್ಚಿದರು. ಹೊರಗೆ ಬಂದು, ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು, ಸಾರು ಹೊಯ್ದರು, ಹುಳಿ ಹೊಯ್ದರು, ನೀರಲ್ಲಿ ತೊಳೆದು ಮಜ್ಜಿಗೆ ಹೊಯ್ದರು. ಗಿರಿಜಾ ದೂರದಲ್ಲಿ ಸೆರಗು ಬಾಯಿಗೆ ಒತ್ತಿ ನಿಂತೇ ಇದ್ದರು.

ಹೊರಬಂದ ಫಿಲ್ಮು ಇಟ್ಟಿಗೆಯ ಬಣ್ಣಕ್ಕಿತ್ತು. ಅರ್ಧಕ್ಕಿಂತ ಹೆಚ್ಚು ಕಾಡಿಗೆಯಂತೆ ಕಪ್ಪು.

“ಸುಟ್ಟಿದೆಯಾ?”

“ಬಣ್ಣವೇ ಹೀಗೋ, ಸುಟ್ಟದ್ದೋ…” ಅಣ್ಣನ ಕಪ್ಪು-ಬಿಳುಪು ಫಿಲ್ಮು ಎಂದೂ ಈ ಬಣ್ಣಕ್ಕೆ ಬಂದದ್ದಿಲ್ಲ.

ಇಟ್ಟಿಗೆ ಬಣ್ಣ ಸರಿ, ಕಪ್ಪು ಮಾತ್ರ ತಪ್ಪು ಎಂದ ಸ್ಟುಡಿಯೋದವನು. ಕಪ್ಪು ಶುರುವಾಗುವ ಅಂಚಿನಲ್ಲೊಂದು ಚಿತ್ರವಿತ್ತು. ಅದನ್ನು ದೊಡ್ಡದು ಮಾಡಿಕೊಟ್ಟ.

ಜನಾರ್ದನ ರಾಯರು ಬಾಯಿ ತೆರೆದು ನಗುತ್ತ ಏನೋ ಹೇಳುತ್ತಿದ್ದರು. ಎಡಗಡೆ, ಕೆನ್ನೆಯಿಂದ ಆಚೆಗೆ, ಫಿಲ್ಮಿನ ಕಪ್ಪು ಪಟದಲ್ಲಿ ಹಳದಿ-ಕೇಸರಿ ಬೆಳಕಾಗಿ ಅವರನ್ನು ನುಂಗಿತ್ತು. ಆ ಬೆಳಕಿನೊಳಗಿಂದ ಒಂದು ಕೈ ಮಾತ್ರ ಕ್ಯಾಮೆರಾದ ಕಡೆಗೆ ಚಾಚಿತ್ತು.

ಗಿರಿಜಾ ಆ ಬೆಳಕಿನ ಮೇಲೆ ಬೆರಳಿಟ್ಟರು. “ಇದು ನಾನು ಹಾಕಿದ ದೀಪ ಅಲ್ವಾ?”

“ಫಿಲ್ಮು ಹಳೇದು ಅತ್ತಿಗೆ. ಹಬೆ ಬೇರೆ.”

“ಸುಳ್ಳು ಹೇಳಲಿಕ್ಕೆ ಬರುವುದಿಲ್ಲ ನಿನಗೆ.” ಅವರು ಕಣ್ಣು ಒರೆಸಿಕೊಂಡರು, ನಕ್ಕರು. “ನೋಡು, ನಿನಗೇ ಬೈತಾ ಇದ್ದಾರೆ. ಎಂತ ಹೇಳಿದ್ರು ಆಗ?”

“‘ಅಲುಗಾಡಿಸಬೇಡ, ಒತ್ತು’ ಅಂದ್ರು,” ಎಂದರು ಕೇಶವ ರಾಯರು. ನೆನಪಿತ್ತೋ ಇಲ್ಲವೋ, ಹೇಳಿದ ಮೇಲೆ ಅದೇ ಸರಿ ಎನಿಸಿತು.

ಚೌಕಟ್ಟಿನ ಅಂಗಡಿಯವನು ಪಟ ನೋಡಿ ಕೆಟ್ಟ ಭಾಗವನ್ನು ಕತ್ತರಿಸಲು ಅದರ ಮೇಲೆ ಸ್ಕೇಲು ಇಟ್ಟ. “ಯೇ ಕಾಟ್ ದೂಂ?”

“ನಹೀ. ಪೂರಾ ರಖೋ,” ಎಂದರು ಕೇಶವ ರಾಯರು, ಒಂದು ಕ್ಷಣವೂ ಯೋಚಿಸದೆ.

ಆಮೇಲೆ ಅವನು, ಮರದ್ದೋ ಪ್ಲಾಸ್ಟಿಕ್ಕಿನದೋ ಎಂದು ಕೇಳಿದ. ಕೇಶವ ರಾಯರು ಮಧ್ಯಾಹ್ನದವರೆಗೂ ಅಲ್ಲೇ ನಿಂತಿದ್ದರು.