ಇಟ್ಟಿಗೆಯಷ್ಟು ಎಂಜಿನ್

ಐವತ್ತರ ದಶಕದ ನಡುವಿನ ಮಾತು. ಆಗ ನಾನು ಚಾಮರಾಜನಗರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಂದು ಭಾನುವಾರ ಗುಂಡ್ಲುಪೇಟೆಗೆ ಹೊರಟಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಉಳಿದವರೆಲ್ಲ ಹುಣಸೆಮರದ ನೆರಳು ಹುಡುಕಿಕೊಂಡು ಹೋದರು. ನಾನು ಡ್ರೈವರ್ ಪಕ್ಕದಲ್ಲೇ ನಿಂತು ಅವನು ಎಂಜಿನ್ ಬಿಚ್ಚುವುದನ್ನು ನೋಡಿದೆ. ಅಷ್ಟು ವರ್ಷ ಬಸ್ಸಿನಲ್ಲಿ ಓಡಾಡಿದ್ದರೂ ಪಿಸ್ಟನ್ನುಗಳು ಏರಿಳಿಯುವುದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಮನೆಗೆ ಬಂದು ನೆನಪಿನಿಂದ ಅದರ ಚಿತ್ರ ಬರೆದೆ. ಬರೆದಷ್ಟಕ್ಕೆ ಸಮಾಧಾನವಾಗಲಿಲ್ಲ. ಒಂದು ಇಟ್ಟಿಗೆಯಷ್ಟೇ ಗಾತ್ರದ, ಆದರೆ ನಿಜವಾಗಿಯೂ ಪೆಟ್ರೋಲಿನಿಂದ ಓಡುವ ಕಾರಿನ ಎಂಜಿನ್ ಮಾಡಬೇಕೆಂಬ ಆಸೆ ಹತ್ತಿಕೊಂಡಿತು.

ಗುಂಡ್ಲುಪೇಟೆಯಲ್ಲಿ ಒಬ್ಬ ಸಾಬರು ಲೋಹ ಕಡೆಯುವ, ಕಾಲಿನಿಂದ ತುಳಿಯುವ ಲೇತ್ ಇಟ್ಟುಕೊಂಡಿದ್ದರು. ಬೀಗ, ಹೊಲಿಗೆ ಯಂತ್ರ, ನೀರಿನ ಪಂಪು ರಿಪೇರಿ ಮಾಡುವುದು ಅವರ ಕಸುಬು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೆ ತಗಡನ್ನು ಬೆರಳಲ್ಲಿ ಉಜ್ಜಿ ಎಷ್ಟು ದಪ್ಪವೆಂದು ಹೇಳಬಲ್ಲವರಾಗಿದ್ದರು. ನನ್ನ ನಕ್ಷೆಯನ್ನು ಬಹಳ ಹೊತ್ತು ನೋಡಿ, "ಇದು ಏನ್ ಕೆಲ್ಸ ಮಾಡ್ತದೆ ಮೇಷ್ಟ್ರೇ?" ಎಂದರು.

"ಏನೂ ಇಲ್ಲ ಸಾಬ್ರೇ. ಓಡುತ್ತೆ, ಅಷ್ಟೇ."

"ಹಂಗಾದ್ರೆ ಮಾಡನ ಬುಡಿ."

ಅಲ್ಲಿಂದ ಪ್ರತಿ ಭಾನುವಾರವೂ ಹೋದೆ. ಲಾರಿಯ ಹಳೇ ಪಿಸ್ಟನ್ನುಗಳನ್ನು ಕರಗಿಸಿ ಅಲ್ಯೂಮಿನಿಯಂ ಎರಕ ಹೊಯ್ದೆವು. ಮೂರು ಸಲ ಗುಳ್ಳೆ ಬಂದು ಕೆಟ್ಟಿತು, ನಾಲ್ಕನೆಯದು ಉಳಿಯಿತು. ಪಿಸ್ಟನ್ನಿಗೆ ತೊಡಿಸುವ ರಿಂಗುಗಳು ಮಕ್ಕಳ ಕಿವಿಯ ರಿಂಗಿನಷ್ಟಿದ್ದವು. ತೊಡಿಸುವಾಗಲೇ ಪಟ್ಟೆಂದು ಮುರಿಯುತ್ತಿದ್ದವು. ಕಿಡಿ ಹಾರಿಸುವ ಪ್ಲಗ್ಗುಗಳನ್ನು ಅಭ್ರಕದ ಹಾಳೆ ಸುತ್ತಿ ಸಾಬರೇ ತಯಾರಿಸಿದರು. ಹೀಗೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು.

ಕೊನೆಗೆ ಎಂಜಿನ್ನಿನ ಚಕ್ರಕ್ಕೆ ಹಗ್ಗ ಸುತ್ತಿ ಎಳೆದೆವು. ಓಡಬೇಕಾದ ಎಂಜಿನ್ ಒಳಗೆ ಎಳೆದುಕೊಳ್ಳಬೇಕಾದ ಪೆಟ್ರೋಲನ್ನೇ ಹೊರಕ್ಕೆ ಉಗುಳಿತು. ಮುಂದಿನ ಭಾನುವಾರವೂ ಅದೇ ಕಥೆ. ಅದರ ಮುಂದಿನ ವಾರ ನನ್ನ ತಾಳ್ಮೆ ತಪ್ಪಿತು.

"ನಕ್ಷೆಯಲ್ಲಿ ತಪ್ಪಿಲ್ಲ ಸಾಬ್ರೇ. ನಿಮ್ಮ ಕೆಲಸದಲ್ಲೇ ಎಲ್ಲೋ ಅಳತೆ ಕೆಟ್ಟಿದೆ" ಎಂದುಬಿಟ್ಟೆ.

ಅವರು ಕೈಗೆ ಮೆತ್ತಿದ್ದ ಎಣ್ಣೆ ಒರೆಸಿಕೊಂಡು ಬಟ್ಟೆಯನ್ನು ಮೊಳೆಗೆ ನೇತುಹಾಕಿದರು. ನಾನು ಬಸ್ಸು ಹತ್ತಿದೆ. ಎರಡು ತಿಂಗಳು ಆ ಕಡೆ ತಲೆಹಾಕಲಿಲ್ಲ.

ಒಂದು ದಿನ ತರಗತಿಯಲ್ಲಿ ಹಿಡಿಯಿರುವ ಹೂಜಿಯೊಂದನ್ನು ಮುಂದಿನಿಂದ ಕಂಡಂತೆ, ಆಮೇಲೆ ಹಿಂದಿನಿಂದ ಕಂಡಂತೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಎಡಕ್ಕಿದ್ದ ಹಿಡಿ ಬಲಕ್ಕೆ ಬಂದಾಗ ಸೀಮೆಸುಣ್ಣ ಹಿಡಿದ ಕೈ ಹಾಗೇ ನಿಂತಿತು. ಎಂಜಿನ್ನಿನೊಳಗೆ, ಪೆಟ್ರೋಲನ್ನು ಒಳಕ್ಕೂ ಹೊಗೆಯನ್ನು ಹೊರಕ್ಕೂ ಬಿಡುವ ವಾಲ್ವುಗಳನ್ನು ಎತ್ತುವ ಉಬ್ಬುಗಳಿರುವ ಒಂದು ಸಲಾಕೆ ಇರುತ್ತದೆ. ಉಳಿದೆಲ್ಲ ಭಾಗಗಳನ್ನು ಮುಂದಿನಿಂದ ನೋಡಿದಂತೆ ಬರೆದ ನಾನು, ಅದೊಂದನ್ನು ಮಾತ್ರ ಹಿಂದಿನಿಂದ ನೋಡಿದಂತೆ ಬರೆದಿದ್ದೆ. ಉಬ್ಬುಗಳೆಲ್ಲ ಎಡಬಲವಾಗಿ, ವಾಲ್ವುಗಳು ತೆರೆಯಬಾರದ ಹೊತ್ತಿನಲ್ಲಿ ತೆರೆಯುತ್ತಿದ್ದವು. ಸಾಬರು ನಾನು ಬರೆದುಕೊಟ್ಟದ್ದನ್ನು ಕೂದಲೆಳೆಯಷ್ಟೂ ತಪ್ಪದೆ ಮಾಡಿದ್ದರು.

ಆ ಭಾನುವಾರ ಮೊದಲ ಬಸ್ಸಿಗೇ ಹೋದೆ. ಅವರು ಒಂದು ಬೀಗ ಬಿಚ್ಚಿಕೊಂಡು ಕೂತಿದ್ದರು. ನಿಂತಲ್ಲೇ ಹೇಳಿದೆ: "ತಪ್ಪು ನನ್ನದು ಸಾಬ್ರೇ. ನಿಮಗೆ ಅಂದದ್ದೂ ತಪ್ಪು."

ನಕ್ಷೆ ಹರಡಿ ತೋರಿಸಿದೆ. ಅವರು ನೋಡಲೇ ಇಲ್ಲ.

"ಉಬ್ಬು ಉಲ್ಟಾ ಅವೆ ಅಂತ ಅವತ್ತೇ ಅನ್ಕಂಡೆ ಮೇಷ್ಟ್ರೇ. ಓದ್ದೋರು ಬರ್ದವ್ರೆ, ನಾನೆಂಗೆ ತಪ್ಪು ಅನ್ನದು ಅಂತ ಸುಮ್ಕಾಗ್ಬುಟ್ಟೆ."

ಅವರು ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಹೊಸ ಸಲಾಕೆ ಮಾಡೋಣವೇ ಎಂದು ಕೇಳಿದೆ. ಅವರು ಎಂಜಿನ್ನನ್ನು ಮೇಜಿನ ಮೇಲಕ್ಕೆಳೆದು ಚಕ್ರವನ್ನು ಬೆರಳಿನಿಂದ ಹಿಂದುಮುಂದಾಗಿ ತಿರುಗಿಸಿದರು. ವಾಲ್ವುಗಳು ಏಳುವುದನ್ನೇ ಬಗ್ಗಿ ನೋಡಿದರು.

"ಹೊಸದ್ಯಾಕೆ? ಚಕ್ರಾನ ಈ ಕಡೀಕೆ, ಉಲ್ಟಾ ತಿರುಗ್ಸಿದ್ರೆ ಎಲ್ಲಾ ಸರಿಯಾಯ್ತದೆ. ಕಿಡಿ ಬೀಳೋ ಹೊತ್ತ ವಸಿ ತಿದ್ದನ."

ನನಗೆ ಅದು ಹೊಳೆದೇ ಇರಲಿಲ್ಲ. ಕಿಡಿಯ ಹೊತ್ತು ತಿದ್ದಿ, ಹಗ್ಗವನ್ನು ಉಲ್ಟಾ ಸುತ್ತಿ ಎಳೆದೆವು. ನಾಲ್ಕನೆಯ ಸಲಕ್ಕೆ ಒಮ್ಮೆ ಕೆಮ್ಮಿತು. ಐದನೆಯದಕ್ಕೆ ಹಿಡಿದುಕೊಂಡಿತು. ಮೇಜಿನ ಮೇಲಿದ್ದ ಕಬ್ಬಿಣದ ಪುಡಿ ಕುಣಿಯತೊಡಗಿತು, ಅಂಗಡಿಯೆಲ್ಲ ನೀಲಿ ಹೊಗೆ. ಸದ್ದಿಗೆ ಅವರ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಉರ್ದುವಿನಲ್ಲಿ ಏನೋ ಕೇಳಿದರು. ಸಾಬರು ಕೈಯೆತ್ತಿ ತಡೆದರು. ಪೆಟ್ರೋಲು ಮುಗಿದು ಎಂಜಿನ್ ತಾನಾಗಿ ನಿಂತಿತು.

"ಇದ್ನ ಕಾರ್ಗಾಕುದ್ರೆ ಕಾರು ಹಿಂದಕ್ಕೋಯ್ತದೆ ಮೇಷ್ಟ್ರೇ" ಎಂದರು ಸಾಬರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆಮೇಲೆ ಇನ್ನೂ ಎರಡು ಎಂಜಿನ್ ಮಾಡಿದೆವು. ನಾನು ನಕ್ಷೆ ತಂದಾಗ ಸಾಬರು ಇದ್ದಿಲು ಹಿಡಿದು ಕೂತು, ಅನುಮಾನ ಬಂದ ಕಡೆಯೆಲ್ಲ ಗೀಟು ಹಾಕುತ್ತಿದ್ದರು. ಕೆಲವು ಕಡೆ ನಿಜಕ್ಕೂ ನನ್ನದೇ ತಪ್ಪಿರುತ್ತಿತ್ತು. ಉಳಿದ ಗೀಟುಗಳಿಗೆ ನಾನು ಒಂದೊಂದಾಗಿ ಕಾರಣ ಹೇಳಬೇಕಾಗುತ್ತಿತ್ತು. ಹೇಳಿದ್ದು ಒಪ್ಪಿಗೆಯಾಗುವ ತನಕ ಅವರು ಲೇತಿನ ಮೇಲೆ ಕಾಲಿಡುತ್ತಿರಲಿಲ್ಲ.