ಬೂದಿ ಹಚ್ಚಿದ ತೊಗರಿ

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೀದರಿನ ಧಾನ್ಯಪೇಟೆ ಗಾಂಧಿ ಗಂಜಿನ ದಾಲ್ ಮಿಲ್ಲಿಗೆ ಬಂದಿಳಿದ ದಿನವೇ, ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದ ಐವರು ಹೆಂಗಸರ ಮುಂದೆ ನಿಂತು, ನಾನು ತಂದ ಮಷೀನಿನಂತೆ ‘ಟಿಕ್ ಟಿಕ್ ಫುಸ್’ ಎಂದು ಮೈ ಕುಣಿಸಿ, “ನಾಳೆಯಿಂದ ನಿಮಗೆಲ್ಲ ರಜಾ!” ಎಂದೆ. ನಮ್ಮ ಕೊಳ್ಳೇಗಾಲದಲ್ಲಾದರೆ ನಗುತ್ತಿದ್ದರು. ಇಲ್ಲಿ ಐದೂ ಮೊರ ನಿಂತವು.

“ರಜಾ ಅಂದ್ರ ಒಲಿ ಹ್ಯಾಂಗ ಹತ್ತತದ್ರಿ?” ಎಂದರು, ಭಾಲ್ಕಿಯಿಂದ ದಿನಾ ಬಸ್ಸಿನಲ್ಲಿ ಬರುವ ಕಾಶಿಬಾಯಿ. ಬೈಯುವಾಗಲೂ ‘ರಿ’ ಬಿಡದ ಊರಿದು.

ಈ ಮಷೀನು ಕ್ಯಾಮೆರಾದಿಂದ ಕಾಳಿನ ಬಣ್ಣ ನೋಡಿ, ಕಲ್ಲು, ಹುಳುಕನ್ನು ಗಾಳಿಯೂದಿ ಹೊರಹಾಕುತ್ತದೆ. ಜೋಡಿಸಿ, ಒಂದು ತಿಂಗಳು ನಡೆಸಿ ಮರಳುವುದು ನನ್ನ ಕರಾರು. ಹೆಂಗಸರ ಕೆಲಸದ ಬಗ್ಗೆ ಮಿಲ್ಲಿನ ಸಾವ್ಕಾರರು, “ಈ ವಾರ ನೋಡೋಣ್ರಿ” ಎಂದಷ್ಟೇ ಹೇಳಿದ್ದರು.

ಗಂಜಿನ ಹಿಂದೆ ಬಾಡಿಗೆ ಕೋಣೆ ಸಿಕ್ಕಿತು. ನಮ್ಮಲ್ಲಿ ಮುದ್ದೆ ನುಂಗಿದರಾಯಿತು. ಇಲ್ಲಿಯ ಜೋಳದ ರೊಟ್ಟಿಗೆ ದವಡೆಯೂ ದುಡಿಯಬೇಕು. ಮಾತಿಗೆ ಜನವಿಲ್ಲದೆ ಕನ್ನಡಿಯ ಮುಂದೆ ಸಾವ್ಕಾರರ ದನಿ ತೆಗೆದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ನಾಲ್ಕನೇ ದಿನ ಔರಾದ ಕಡೆಯ ರೈತನೊಬ್ಬ ತೊಗರಿ ತಂದ. ಮಷೀನು ಅಷ್ಟನ್ನೂ ಕಲ್ಲೆಂದು ಉಗುಳಿತು. “ಪೂರ್ತಿ ಕಲಬೆರಕೆ!” ಎಂದು ಕೂಗಿದೆ. ರೈತನ ಮುಖ ಕಪ್ಪಿಟ್ಟಿತು. ಕಾಶಿಬಾಯಿ ಒಂದು ಹಿಡಿ ಎತ್ತಿ ಸೆರಗಿನಲ್ಲಿ ತಿಕ್ಕಿದರು. ಕೆಂಪು ಕಾಳು ಹೊಳೆಯಿತು.

“ಹುಳ ಹತ್ತಬಾರ್ದಂತ ಬೂದಿ ಹಚ್ಚಿಟ್ಟಾರ, ತಮ್ಮಾ. ನಿನ್ನ ಮಷೀನಿಗಿ ಕಣ್ಣ ಅವ, ಕೈ ಇಲ್ಲ.”

ಸಾವ್ಕಾರರು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. “ಮಷೀನ್ ಮುಂದ ಕಾಶಿಬಾಯಿನೇ ನಿಂದರ್ಲಿ. ನೀ ಹೇಳಿಕೊಡು.”

ಹೇಳಿಕೊಟ್ಟೆ. ಕೆಲಸ ಬೇಗ ಮುಗಿಯುತ್ತದೆಂದು ಸುತ್ತಲಿನ ಕಮಠಾಣ, ಬಗದಲ್ ಊರುಗಳ ಗಾಡಿಗಳೂ ಈಗ ನಮ್ಮಲ್ಲಿಗೇ ಬರುತ್ತವೆ. ಬೂದಿ ಒರೆಸಲು, ಮಷೀನು ಉಗುಳಿದ್ದನ್ನು ಮತ್ತೆ ನೋಡಲು ಐವರು ಸಾಲದೆ ಏಳು ಮಂದಿಯಾದರು. ಕಾಶಿಬಾಯಿ ನನಗೆ ಮಾವಶಿಯಾದರು. ಮಾವಶಿ ಎಂದರೆ ಇಲ್ಲಿ ಚಿಕ್ಕಮ್ಮ. ಫೋನಿನಲ್ಲಿ ನನ್ನ ‘ಹ್ಯಾಂಗ’ ಕೇಳಿ ಅಮ್ಮ ನಗುತ್ತಾಳೆ, ಮಿಲ್ಲಿನಲ್ಲಿ ನನ್ನ ‘ಹೆಂಗೆ’ ಕೇಳಿ ಏಳು ಮಂದಿ. ನಾನು ಪೂರ್ತಿ ಯಾವ ಕಡೆಯವನೋ ನನಗೇ ತಿಳಿಯದು.

ಮೊನ್ನೆ ಕರಾರು ಮುಗಿಯಿತು. “ಭಾಲ್ಕ್ಯಾಗ ಇನ್ನೊಂದ್ ಮಷೀನ್ ಇಡ್ತೇನಿ, ಇರ್ತೀ ಏನ?” ಎಂದು ಸಾವ್ಕಾರರು ಕೇಳಿದರು. ನನಗೆ ಅರ್ಧ ಮನಸ್ಸು. ಸೊಂಟಕ್ಕೆ ಕೈಯಿಟ್ಟು, ಥೇಟ್ ಮಾವಶಿಯ ದನಿಯಲ್ಲೇ, “ಇನ್ನ ನಾ ಊರಿಗಿ ಹೋಗ್ತೇನ್ರಿ” ಎಂದೆ. ಎಲ್ಲರೂ ನಕ್ಕರು. ಮಾವಶಿ ಮಷೀನಿನಿಂದ ತಲೆ ಎತ್ತದೆಯೇ ಹೇಳಿದರು:

“ನಗ್ಸೋ ಮಷೀನ್ ಬರೋತನಾ ನಿನಗ ರಜಾ ಇಲ್ಲ.”