ಅರ್ಧ ಹೇಳುವ ನಾಲಿಗೆ

ರಾಯದುರ್ಗ ಇನ್ನೂ ಮದ್ರಾಸು ಸರ್ಕಾರದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲ. ಅಲ್ಲಿನ ಬಜಾರಿನಲ್ಲಿ ಚಂದ್ರಶೇಖರಯ್ಯನವರದೊಂದು ಜವಳಿ ಅಂಗಡಿ ಇತ್ತು. ಅವರಿಗೆ ವ್ಯಾಪಾರ ಮಾಡಿ ಎಂದು ಯಾವ ಪುಣ್ಯಾತ್ಮ ಹೇಳಿದ್ದನೋ ಕಾಣೆ. ಹೆಣ್ಣುಮಕ್ಕಳು ಆಸೆಪಟ್ಟು ಸೀರೆ ಕೈಗೆತ್ತಿಕೊಂಡರೆ, ಈ ಬಣ್ಣ ನಾಲ್ಕು ಒಗೆತಕ್ಕೆ ನಿಲ್ಲುವುದಿಲ್ಲ ತಂಗಿ ಎಂದು ತಾವೇ ಹೇಳಿ ಪಕ್ಕದ ಅಂಗಡಿ ತೋರಿಸುತ್ತಿದ್ದರು. ಊರಿಗೆಲ್ಲ ಇಷ್ಟು ನಿಜ ಹೇಳುತ್ತಿದ್ದ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಸುಳ್ಳು ಹೇಳುತ್ತಿದ್ದರು. ಅದು ತಮ್ಮ ಗಳಿಕೆ.

ಅವರೊಬ್ಬರನ್ನೇ ದೂರಿ ಏನು ಮಾಡುವುದು, ಇಡೀ ಬಜಾರಿನ ನಡೆಯೇ ಹಾಗಿತ್ತು. ಗಳಿಕೆಯನ್ನು ಪೂರ್ತಿ ಬಾಯಿಬಿಟ್ಟರೆ ದೃಷ್ಟಿಯಾಗುತ್ತದೆ, ತೆರಿಗೆಯೂ ಏರುತ್ತದೆ ಎಂದು ಎಲ್ಲರೂ ಅರ್ಧವೇ ಹೇಳುವವರು. ವೃತ್ತಿ ತೆರಿಗೆ ವಸೂಲಿಗೆ ಬರುತ್ತಿದ್ದ ಪಂಚಾಯಿತಿ ಬೋರ್ಡಿನ ಬಿಲ್ ಕಲೆಕ್ಟರ್ ತಿಪ್ಪೇರುದ್ರಪ್ಪನೂ ಅದೇ ಊರಿನ ನೀರು ಕುಡಿದವನು. ಅಂಗಡಿಯವರು ಹೇಳಿದ್ದನ್ನು ಕೇಳಿಸಿಕೊಂಡು, ಕೊಟ್ಟ ಮಜ್ಜಿಗೆ ಕುಡಿದು, ಎರಡರಷ್ಟು ಬರೆದುಕೊಂಡು ಹೋಗುತ್ತಿದ್ದ. ಯಾರಿಗೂ ಬೇಜಾರಿಲ್ಲ, ತೆರಿಗೆಯೂ ಸರಿಯಾಗಿ ಬೀಳುತ್ತಿತ್ತು.

ಗಿರಾಕಿಗಳನ್ನು ಪಕ್ಕದ ಅಂಗಡಿಗೆ ಕಳಿಸಿ ಕಳಿಸಿ ಚಂದ್ರಶೇಖರಯ್ಯನವರು ಕೊನೆಗೆ ತಮ್ಮ ಅಂಗಡಿಗೆ ಬೀಗ ಹಾಕಿದರು. ಐವತ್ತು ದಾಟಿದ ವಯಸ್ಸು, ಮುಂದೇನೆಂದು ಕೂತಿದ್ದಾಗ ಶೇಂಗಾ ಮಿಲ್ಲಿನ ಸಣ್ಣಬಸಪ್ಪ ತಾನಾಗಿ ಮನೆಗೆ ಬಂದ. ನಿಮ್ಮಂಥವರು ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ನಾನು ನೆಮ್ಮದಿಯಾಗಿ ಉಣ್ಣಬಹುದು ಎಂದು ಹೇಳಿ, ತಿಂಗಳಿಗೆ ನಲವತ್ತು ರೂಪಾಯಿಯ ಗುಮಾಸ್ತಿಕೆ ಕೊಟ್ಟ. ಆ ಉಪಕಾರವನ್ನು ಅವರು ದಿನಾ ಬೆಳಿಗ್ಗೆ ಪೂಜೆಯ ಹೊತ್ತಿಗೆ ನೆನೆಯುತ್ತಿದ್ದರು.

ಆ ಸಲದ ತೆರಿಗೆಯ ಹೊತ್ತಿಗೆ ತಿಪ್ಪೇರುದ್ರಪ್ಪ ಮನೆಗೆ ಬಂದ. ಇವರ ಹೆಸರನ್ನು ವ್ಯಾಪಾರಿಗಳ ಪಟ್ಟಿಯಿಂದ ತೆಗೆದು ಸಂಬಳದಾರರ ಪಟ್ಟಿಗೆ ಸೇರಿಸಬೇಕಿತ್ತು. ಸಂಬಳ ಎಷ್ಟೆಂದು ಕೇಳಿದ.

“ಎಲ್ಲಿ ಸಂಬಳಪ್ಪ, ಇಪ್ಪತ್ತು ಅಂದ್ರ ಹೆಚ್ಚಾತು,” ಎಂದುಬಿಟ್ಟರು ಚಂದ್ರಶೇಖರಯ್ಯನವರು.

ಅಂಗಡಿ ಮುಚ್ಚಿದ್ದು ನಾಲಿಗೆಗೆ ಇನ್ನೂ ತಿಳಿದಿರಲಿಲ್ಲ. ಆದರೆ ಸಂಬಳದವರು ಯಾಕೆ ಮುಚ್ಚಿಡುತ್ತಾರೆ ಎಂದುಕೊಂಡ ತಿಪ್ಪೇರುದ್ರಪ್ಪ, ಅವರ ಮಾತನ್ನು ಮೊದಲ ಬಾರಿಗೆ ಹೇಳಿದ ಹಾಗೆಯೇ ನಂಬಿದ. ಇಪ್ಪತ್ತೇ ಬರೆದ.

ಅದೇ ತಿಂಗಳು ಇನ್‌ಕಮ್ ಟ್ಯಾಕ್ಸ್ ಅಧಿಕಾರಿಯೊಬ್ಬರು ಊರಿಗೆ ಬಂದು ಮಿಲ್ಲಿನ ಲೆಕ್ಕ ನೋಡಿದರು. ಮಿಲ್ಲಿನ ಲೆಕ್ಕದಲ್ಲಿ ಗುಮಾಸ್ತರಿಗೆ ನಲವತ್ತು, ಬೋರ್ಡಿನಿಂದ ತರಿಸಿದ ಪಟ್ಟಿಯಲ್ಲಿ ಇಪ್ಪತ್ತು. ಸಣ್ಣಬಸಪ್ಪ ಸುಳ್ಳು ಖರ್ಚು ತೋರಿಸಿ ಲಾಭ ಮುಚ್ಚಿದ್ದಾನೆಂದು ಅವರಿಗೆ ಅನುಮಾನ ಬಂತು. ಗುಮಾಸ್ತರ ಹೇಳಿಕೆ ನಾಳೆಯೊಳಗೆ ಬರಬೇಕು, ಇಲ್ಲದಿದ್ದರೆ ಇಡೀ ಲೆಕ್ಕವನ್ನೇ ಒಪ್ಪುವುದಿಲ್ಲ ಎಂದರು.

ಸಂಜೆ ಸಣ್ಣಬಸಪ್ಪ ಹೇಳಿಕೆ ಬರೆದುಕೊಳ್ಳಲು ತಿಪ್ಪೇರುದ್ರಪ್ಪನನ್ನು ಕರೆದುಕೊಂಡು ಬಂದು ಗುಮಾಸ್ತರ ಮನೆಯ ಕಟ್ಟೆಯ ಮೇಲೆ ಕೂತ. ಬೈದಿದ್ದರೆ ಚಂದ್ರಶೇಖರಯ್ಯನವರಿಗೆ ಎಷ್ಟೋ ಹಗುರವಾಗುತ್ತಿತ್ತು. ಪಾಪ, ಅವನು ಬೈಯಲಿಲ್ಲ.

“ನಾ ಎಷ್ಟು ಕೊಡ್ತೀನೋ ಅಷ್ಟು ಹೇಳ್ರಿ ಅಯ್ಯನೋರ. ನನ್ನ ಮರ್ಯಾದಿ ನಿಮ್ಮ ಬಾಯಾಗೈತಿ.”

ಹೇಳುವುದಕ್ಕೇನು, ಒಂದೇ ಮಾತು. ಆದರೆ ಬಾಗಿಲ ಹಿಂದೆ ಹೆಂಡತಿ ಅಂಬಮ್ಮ ಮಜ್ಜಿಗೆ ಹಿಡಿದು ನಿಂತಿದ್ದರು. ಅವರಿಗೂ ಇವರು ಮೊದಲ ದಿನದಿಂದ ಇಪ್ಪತ್ತು ಎಂದೇ ಹೇಳಿದ್ದರು. ಈಗ ನಿಜ ಹೇಳಿದರೆ ಕಟ್ಟಿಕೊಂಡವಳ ಮುಂದೆ ಸುಳ್ಳುಗಾರ, ಹೇಳದಿದ್ದರೆ ಅನ್ನ ಕೊಟ್ಟವನಿಗೆ ದ್ರೋಹ. ಕೊನೆಗೆ ಕಣ್ಣು ಮುಚ್ಚಿಕೊಂಡು ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

“ನಲವತ್ತು. ಪೂರ್ತಿ ನಲವತ್ತು. ಅರ್ಧ ಹೇಳಿದ್ದು ನನ್ನ ಅಂಗಡಿ ಚಾಳಿ, ಸಣ್ಣಬಸಪ್ಪಂದು ಏನೂ ತಪ್ಪಿಲ್ಲ.”

ತಿಪ್ಪೇರುದ್ರಪ್ಪ ಬರೆದುಕೊಂಡ, ಇವರು ಸಹಿ ಹಾಕಿದರು. ಸಣ್ಣಬಸಪ್ಪ ಅವರ ಕೈ ಹಿಡಿದು, ನಾಳೆ ಮಿಲ್ಲಿಗೆ ಹೊತ್ತಿಗೆ ಸರಿಯಾಗಿ ಬನ್ನಿ ಎಂದು ಹೇಳಿ ಹೊರಟ. ಮರುದಿನ ಅಧಿಕಾರಿ ಆ ಹೇಳಿಕೆ ಓದಿ, ನಗು ತಡೆಯಲಾರದೆ ಲೆಕ್ಕ ಒಪ್ಪಿಕೊಂಡರಂತೆ. ಚಂದ್ರಶೇಖರಯ್ಯನವರಿಗೆ ಮಾತ್ರ ನಿಜವಾದ ವಿಚಾರಣೆ ಹೇಳಿಕೆ ಕೊಟ್ಟ ರಾತ್ರಿಯೇ ಊಟದ ಹೊತ್ತಿಗೆ ಕಾದಿತ್ತು.

ಅಂಬಮ್ಮ ಮುದ್ದೆ ಇಟ್ಟು ಸಾರು ಬಡಿಸಿದರು. ಇವರು ತಲೆ ಎತ್ತಲಿಲ್ಲ. ಅವರೇ ಮಾತು ತೆಗೆದರು.

“ಇಪ್ಪತ್ತು ರೂಪಾಯಿನಾಗ ಮನಿಗೆ ವಾರ ವಾರ ಮಲ್ಲಿಗಿ ಬರ್ತೈತೇನ್ರಿ? ನನ್ನ ಕೆಮ್ಮಿಗೆ ಬಳ್ಳಾರಿಯಿಂದ ಔಷಧ ಬರ್ತೈತೇನು? ಮದುವಿ ಆದಾಗಿಂದ ನೀವು ಹೇಳಿದ್ದನ್ನ ಎರಡರಷ್ಟು ಮಾಡ್ಕೊಂಡಾ ಕೇಳೀನಿ. ಸಂಬಳ ಒಂದಾ ಅಲ್ಲ. ಸಾರು ಪರವಾಗಿಲ್ಲ ಅಂದ್ರ, ಚಲೋ ಆಗೈತಿ ಅಂತ ತಿಳ್ಕೊಂಡು ಉಂಡೀನಿ.”

ಚಂದ್ರಶೇಖರಯ್ಯನವರ ತುತ್ತು ಕೈಯಲ್ಲೇ ನಿಂತಿತು. ಇಷ್ಟು ವರ್ಷ ಈ ಹೆಂಗಸಿಗೆ ಎಲ್ಲವನ್ನೂ ಅರ್ಧ ಅರ್ಧ ಹೇಳಿದೆನಲ್ಲ ಎಂದು ಆಗ ಹೊಳೆಯಿತು. ಸಾರಿನಲ್ಲಿ ಅದ್ದಿದ ತುತ್ತು ನುಂಗಿ ಹೆಂಡತಿಯ ಮುಖ ನೋಡಿದರು.

“ಸಾರು ಭಾಳ ಚಲೋ ಆಗೈತಿ.”

ಅಂಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

“ಇದನ್ನೂ ಎರಡರಷ್ಟು ಮಾಡ್ಕೊಳ್ಳೇನ್ರಿ?”

“ಮಾಡ್ಕೋ,” ಎಂದರು ಚಂದ್ರಶೇಖರಯ್ಯನವರು. “ಆದ್ರೂ ಕಡಿಮಿ ಆಗ್ತೈತಿ.”